ಅಂಬಾಸಡರ್‌ಗೆ ಆಲ್ಟರ್ನೇಟರ್: ಮೂರು ಭಾನುವಾರದ ಕೆಲಸ

ಹೋದ ಜುಲೈನಲ್ಲಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತುಬಿಟ್ಟಿತು. ಹಿಂದೆ ಮುಂದೆ ಗಾಡಿಗಳ ಸಾಲು. ಜಡಿ ಮಳೆ, ಮಂಜು ಬೇರೆ. ಲೈಟ್ ಆರಿಸಿದರೆ ಎದುರಿನಿಂದ ಬರುವವರಿಗೆ ನಾವು ಕಾಣುವುದಿಲ್ಲ. ಹಾಗಾಗಿ ಒಂದೂವರೆ ಗಂಟೆ ಇಂಜಿನ್ ಐಡಲ್‌ನಲ್ಲಿ, ಹೆಡ್‌ಲೈಟ್ ಮತ್ತು ವೈಪರ್ ಆನ್. ಮೊದಲು ವೈಪರ್ ನಿಧಾನವಾಯಿತು. ಆಮೇಲೆ ಹೆಡ್‌ಲೈಟ್ ಹಳದಿಗೆ ತಿರುಗಿತು, ಹಳದಿಯಿಂದ ಕೆಂಡದ ಬಣ್ಣಕ್ಕೆ ಇಳಿಯಿತು. ಕೊನೆಗೆ ಇಂಜಿನ್ ಕೆಮ್ಮಿ ನಿಂತೇ ಹೋಯಿತು. ಸೆಲ್ಫ್ ಹೊಡೆದರೆ ಟಕ್ ಅಂತ ಒಂದು ಸದ್ದು, ಅಷ್ಟೇ.

ಅಪ್ಪನಿಗೆ 78 ವರ್ಷ. ಮಳೆಯಲ್ಲೇ ಇಳಿದು ಡಿಕ್ಕಿಯಿಂದ ಹ್ಯಾಂಡಲ್ ತಂದುಕೊಟ್ಟರು. ಎಲ್ಲ ಸ್ವಿಚ್ ಆರಿಸಿ ಹ್ಯಾಂಡಲ್ ಹೊಡೆದೆ. ನಾಲ್ಕನೇ ಸಲಕ್ಕೆ ಸ್ಟಾರ್ಟ್ ಆಯಿತು. ಮನೆಗೆ ಬರುವಷ್ಟರಲ್ಲಿ ಅಪ್ಪನ ಬಟ್ಟೆ ಮೈ ಮೇಲೇ ಒಣಗಿತ್ತು. ಇನ್ನೊಂದು ಮಳೆಗಾಲ ಈ ಡೈನಮೋ (ಇಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಯಂತ್ರ) ನಂಬಿಕೊಂಡು ಘಾಟಿ ಇಳಿಯುವುದಿಲ್ಲ ಅಂತ ಆವತ್ತು ರಾತ್ರಿಯೇ ತೀರ್ಮಾನ ಮಾಡಿದೆ.

ಕಾರು 1969ರ ಅಂಬಾಸಡರ್ ಮಾರ್ಕ್ 2. 1489 ಸಿಸಿ ಪೆಟ್ರೋಲ್ ಇಂಜಿನ್. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ನಾನು ಹುಟ್ಟುವ ಮೊದಲು.

ಬಿಚ್ಚುವ ಮೊದಲು ಡೈನಮೋ ನಿಜವಾಗಿ ಕೆಟ್ಟಿದೆಯಾ ಅಂತ ನೋಡಬೇಕಿತ್ತು. ಚಾರ್ಜ್ ಆಗ್ತಿಲ್ಲ ಅಂದ ಕೂಡಲೇ ಚೆನ್ನಾಗಿರುವ ಡೈನಮೋ ಗುಜರಿಗೆ ಹಾಕಿದವರನ್ನು ನಾನು ನೋಡಿದ್ದೇನೆ. ಪರೀಕ್ಷೆ ಸುಲಭ. ಡೈನಮೋ ಹಿಂದೆ ಎರಡು ಟರ್ಮಿನಲ್ ಇರುತ್ತವೆ. ದೊಡ್ಡದು ಡಿ, ಸಣ್ಣದು ಎಫ್. ಎರಡರ ವೈರನ್ನೂ ಬಿಚ್ಚಿ, ಒಂದು ತುಂಡು ತಂತಿಯಿಂದ ಡಿ ಮತ್ತು ಎಫ್ ಸೇರಿಸಿ. ಆ ತಂತಿಗೂ ಡೈನಮೋ ಬಾಡಿಗೂ ಮೀಟರ್ ಹಿಡಿದು ಇಂಜಿನ್ನನ್ನು ಐಡಲ್‌ನಿಂದ ಮೆಲ್ಲಗೆ ಏರಿಸಿ. ನಮ್ಮದು ಒಂದೇ ಸಮನೆ ಏರಿ 15 ವೋಲ್ಟ್ ದಾಟಿತು. ಅಲ್ಲಿಗೆ ನಿಲ್ಲಿಸಿದೆ. ಈ ಪರೀಕ್ಷೆಯಲ್ಲಿ ವೋಲ್ಟೇಜ್ ಮಿತಿಯಲ್ಲಿಡುವ ರೆಗ್ಯುಲೇಟರ್‌ನ ಕಾವಲು ಇರುವುದಿಲ್ಲ, ಜಾಸ್ತಿ ರೇಸ್ ಮಾಡಿದರೆ ಒಳಗಿನ ಕಾಯಿಲ್ ಸುಡುತ್ತದೆ.

ಅಂದರೆ ಡೈನಮೋ ಆರೋಗ್ಯವಾಗಿಯೇ ಇತ್ತು. ತಪ್ಪು ಅದರದಲ್ಲ, ಅದರ ಶಕ್ತಿಯೇ ಅಷ್ಟು. ಲೆಕ್ಕ ಹಾಕಿ ನೋಡಿ. ಎರಡು ಹೆಡ್‌ಲೈಟ್, ತಲಾ 60 ವ್ಯಾಟ್: 10 ಆಂಪ್. ಪಾರ್ಕಿಂಗ್, ಟೈಲ್, ನಂಬರ್ ಪ್ಲೇಟ್ ಲೈಟು ಸೇರಿ 2. ವೈಪರ್‌ಗೆ 3. ಇಗ್ನಿಷನ್ನಿಗೆ 4. ಒಟ್ಟು 19. ಬ್ರೇಕ್ ಒತ್ತಿ ಹಿಡಿದರೆ ಇನ್ನೂ ಮೂರೂವರೆ. ಈ ತರಹದ ಲೂಕಾಸ್ ಡೈನಮೋ ಕೊಡುವುದೇ 22 ಆಂಪ್, ಅದೂ ಗಾಡಿ ಚೆನ್ನಾಗಿ ಓಡುತ್ತಿರುವಾಗ. ಐಡಲ್‌ನಲ್ಲಿ ಅದು ಕೊಡುವುದು ಹೆಚ್ಚುಕಡಿಮೆ ಸೊನ್ನೆ. ಚಾರ್ಮಾಡಿಯಲ್ಲಿ ಒಂದೂವರೆ ಗಂಟೆ ನಾವು ಬ್ಯಾಟರಿಯ ಗಂಟು ಕರಗಿಸುತ್ತಾ ನಿಂತಿದ್ದೆವು.

ಹಾಗಾಗಿ ಡೈನಮೋ ತೆಗೆದು, ಅದೇ ಕೆಲಸ ಮಾಡುವ ಈಗಿನ ಕಾಲದ ಆಲ್ಟರ್ನೇಟರ್ ಹಾಕುವುದು ಅಂತ ಆಯಿತು. ಅದು ಐಡಲ್‌ನಲ್ಲೂ ಕರೆಂಟು ಕೊಡುವುದಕ್ಕೆ ಕಾರಣ ಇದೆ. ಡೈನಮೋದಲ್ಲಿ ಪೂರ್ತಿ ಕರೆಂಟು ತಿರುಗುವ ಆರ್ಮೇಚರ್‌ನಲ್ಲಿ ಹುಟ್ಟಿ, ಕಮ್ಯುಟೇಟರ್ ಮೇಲೆ ಉಜ್ಜುವ ಬ್ರಷ್ ಮೂಲಕ ಹೊರಗೆ ಬರಬೇಕು. ಅದನ್ನು ಮಿತಿ ಮೀರಿ ವೇಗವಾಗಿ ತಿರುಗಿಸುವ ಹಾಗಿಲ್ಲ. ಆಲ್ಟರ್ನೇಟರ್‌ನಲ್ಲಿ ಕರೆಂಟು ಹುಟ್ಟುವುದು ಅಲ್ಲಾಡದೆ ಕೂತಿರುವ ಸ್ಟೇಟರ್‌ನಲ್ಲಿ. ತಿರುಗುವ ರೋಟರ್‌ಗೆ ಬ್ರಷ್ ಮೂಲಕ ಹೋಗುವುದು ಎರಡು ಮೂರು ಆಂಪ್ ಮಾತ್ರ. ಹಾಗಾಗಿ ಸಣ್ಣ ಪುಲ್ಲಿ ಹಾಕಿ ಜೋರಾಗಿ ತಿರುಗಿಸಬಹುದು. ಇಂಜಿನ್ ನಿಧಾನವಾಗಿದ್ದರೂ ಅದು ಸಾಕಷ್ಟು ವೇಗದಲ್ಲೇ ಇರುತ್ತದೆ.

ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ರೀಕಂಡಿಷನ್ ಮಾಡಿದ ಲೂಕಾಸ್ ಟಿವಿಎಸ್ ಆಲ್ಟರ್ನೇಟರ್ ಸಿಕ್ಕಿತು. 12 ವೋಲ್ಟ್, 36 ಆಂಪ್, ರೆಗ್ಯುಲೇಟರ್ ಒಳಗೇ ಇರುವುದು. ಇನ್ನೂ ದೊಡ್ಡದು ಕೊಡ್ತೀನಿ ಅಂದರು ಅಂಗಡಿಯವರು. ಬೇಡ ಅಂದೆ. ನಮಗೆ ಬೇಕಿರುವುದು 23 ಆಂಪ್, ಮೇಲೆ ಬ್ಯಾಟರಿ ತುಂಬಲು ಸ್ವಲ್ಪ. ಅದಕ್ಕಿಂತ ದೊಡ್ಡದು ಹಾಕಿದರೆ ಬೆಲ್ಟಿಗೂ ಹಳೆಯ ವೈರಿಗೂ ಸುಮ್ನೆ ಭಾರ.

ಮೊದಲ ಭಾನುವಾರ ಪೂರ್ತಿ ಪೋಲಾರಿಟಿಗೆ ಹೋಯಿತು, ಅಂದರೆ ಬ್ಯಾಟರಿಯ ಪ್ಲಸ್, ಮೈನಸ್‌ಗಳಲ್ಲಿ ಯಾವುದು ಕಾರಿನ ಕಬ್ಬಿಣದ ಬಾಡಿಗೆ ಸೇರಬೇಕು ಅನ್ನುವುದಕ್ಕೆ. ಡೈನಮೋ ಪರೀಕ್ಷೆಯಲ್ಲಿ ನನ್ನ ಮೀಟರ್ 15ರ ಮುಂದೆ ಮೈನಸ್ ಗುರುತು ತೋರಿಸಿತ್ತು. ನಮ್ಮ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿದೆ. ಅಂಬಾಸಡರ್‌ನ ಮೂಲ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಅರ್ತ್ ಮಾಮೂಲಿ. ಈಗ ಸಿಗುವ ಆಲ್ಟರ್ನೇಟರ್‌ಗೆ ಮೈನಸ್ಸೇ ಬಾಡಿಗೆ ಇರಬೇಕು. ಉಲ್ಟಾ ಕೊಟ್ಟರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡುಗಳು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹೋಗುತ್ತವೆ. ಅದಕ್ಕೇ ಪೋಲಾರಿಟಿ ಬದಲಾಯಿಸಿ, ಕಾರು ಆ ಸ್ಥಿತಿಯಲ್ಲಿ ಸ್ಟಾರ್ಟ್ ಆಗುವವರೆಗೂ ಆಲ್ಟರ್ನೇಟರ್ ಡಬ್ಬಿಯಿಂದ ತೆಗೆಯಲೇ ಇಲ್ಲ.

ಬಿಚ್ಚುವಾಗ ಬಾಡಿಗೆ ಸೇರಿದ ವೈರನ್ನೇ ಮೊದಲು ಬಿಚ್ಚಬೇಕು, ಅದು ಪ್ಲಸ್ ಆಗಿರಲಿ ಮೈನಸ್ ಆಗಿರಲಿ. ಇನ್ನೊಂದನ್ನು ಮೊದಲು ಬಿಚ್ಚುವಾಗ ಪಾನಾ ಬಾಡಿಗೆ ತಗುಲಿದರೆ ನೇರ ಶಾರ್ಟು. ಆಮೇಲೆ ಬ್ಯಾಟರಿ ತಿರುಗಿಸಿ ಇಟ್ಟೆ. ಬ್ಯಾಟರಿಯ ಪ್ಲಸ್ ಕಂಬ ಮೈನಸ್‌ಗಿಂತ ಸ್ವಲ್ಪ ದಪ್ಪ ಇರುತ್ತದೆ, ಹಾಗಾಗಿ ಹಳೆಯ ಕ್ಲ್ಯಾಂಪುಗಳು ಕೂರಲಿಲ್ಲ. ಸುತ್ತಿಗೆಯಿಂದ ಬಡಿದು ಕೂರಿಸುವ ಆಸೆಗೆ ಹೋಗಬೇಡಿ, ಕಂಬ ಸಡಿಲವಾಗಿ ಬ್ಯಾಟರಿಯೇ ಹಾಳಾಗುತ್ತದೆ. ಹೊಸ ಕ್ಲ್ಯಾಂಪ್ ತಂದೆ. ಇಗ್ನಿಷನ್ ಕಾಯಿಲ್ ಮೇಲಿನ ಎರಡು ವೈರು ಅದಲು ಬದಲು ಮಾಡಿದೆ. ಮಾಡದಿದ್ದರೂ ಗಾಡಿ ಓಡುತ್ತದೆ, ಆದರೆ ಕಿಡಿ ಪ್ಲಗ್ಗಿನಲ್ಲಿ ಉಲ್ಟಾ ದಿಕ್ಕಿಗೆ ಹಾರಬೇಕು. ಅದಕ್ಕೆ ಜಾಸ್ತಿ ವೋಲ್ಟ್ ಬೇಕು, ಏರು ಹತ್ತುವಾಗ ಮಿಸ್ ಹೊಡೆಯಬಹುದು. ಸೆಲ್ಫ್‌ಗೂ ಹಳೆಯ ವೈಪರ್ ಮೋಟಾರ್‌ಗೂ ಏನೂ ಮಾಡಬೇಕಿಲ್ಲ. ಅವುಗಳಲ್ಲಿ ಕಾಯಂ ಅಯಸ್ಕಾಂತ ಇಲ್ಲ, ಕಾಯಿಲ್ಲೇ ಅಯಸ್ಕಾಂತ. ಪ್ಲಸ್ ಮೈನಸ್ ತಿರುಗಿದರೂ ಮೊದಲಿನ ದಿಕ್ಕಿಗೇ ತಿರುಗುತ್ತವೆ.

ಹೇಗೂ ವೈರಿಂಗ್‌ಗೆ ಕೈ ಹಾಕಿದ್ದೆನಲ್ಲ, ಡ್ಯಾಷ್‌ಬೋರ್ಡಿನ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದೆ. ಲೋಡ್ ಸ್ವಲ್ಪ ಕಡಿಮೆ ಆಗಲಿ ಅಂತ. ಇದು ಮುಂದೆ ಕಾಡಲಿದೆ.

ಎರಡನೇ ಭಾನುವಾರ ಕಬ್ಬಿಣದ ಕೆಲಸ. ಡೈನಮೋ ಉದ್ದನೆಯ ಕೊಳವೆ ತರಹ, ಅದರ ಎರಡು ಕಿವಿ ದೂರ ದೂರ. ಆಲ್ಟರ್ನೇಟರ್ ಗಿಡ್ಡ. ಹಿಂದಿನ ಕಿವಿ ಹಳೆಯ ಬ್ರ್ಯಾಕೆಟ್‌ಗೆ ಮುಟ್ಟುವುದಿಲ್ಲ. ಬ್ರ್ಯಾಕೆಟ್ ಕುಯ್ಯಲು ನನಗೆ ಮನಸ್ಸಿರಲಿಲ್ಲ. ಈ ಕೆಲಸಕ್ಕೆ ನಾನೇ ಹಾಕಿಕೊಂಡ ಕಟ್ಟಳೆ ಒಂದಿತ್ತು: ಬಾಡಿಯಲ್ಲಿ ಒಂದು ಹೊಸ ತೂತೂ ಕೊರೆಯಬಾರದು, ಬೇಕಾದಾಗ ಅರ್ಧ ದಿನದಲ್ಲಿ ಡೈನಮೋ ವಾಪಸ್ ಕೂರುವ ಹಾಗಿರಬೇಕು. ಲೇತ್ ಅಂಗಡಿಯಲ್ಲಿ ಒಂದು ಉಕ್ಕಿನ ಬುಷ್ ಕಡೆಸಿ, ಉದ್ದ ಬೋಲ್ಟ್ ಹಾಕಿ ಅಂತರ ತುಂಬಿಸಿದೆ. ಆಲ್ಟರ್ನೇಟರ್ ಜೊತೆ ಬಂದ ಪುಲ್ಲಿಯ ತೋಡು ನಮ್ಮ ಅಗಲದ ಬೆಲ್ಟಿಗೆ ಕಿರಿದಾಯಿತು, ಅದಕ್ಕೂ ಬೇರೆ ಪುಲ್ಲಿ ಕಡೆಸಬೇಕಾಯಿತು. ನೇರ ಪಟ್ಟಿಯೊಂದನ್ನು ಕ್ರ್ಯಾಂಕ್ ಪುಲ್ಲಿಗೂ ಆಲ್ಟರ್ನೇಟರ್ ಪುಲ್ಲಿಗೂ ಒತ್ತಿ ಹಿಡಿದರೆ ಎರಡೂ ಅಂಚು ಪಟ್ಟಿಗೆ ಅಂಟಬೇಕು. ನನಗೆ ಎರಡು ಮಿಲಿಮೀಟರ್ ವ್ಯತ್ಯಾಸ ಬಂತು, ವಾಷರ್ ಹಾಕಿ ಸರಿ ಮಾಡಿದೆ. ಬೆಲ್ಟಿನ ಉದ್ದ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 12 ಮಿಲಿಮೀಟರ್ ತಗ್ಗಬೇಕು, ಅದಕ್ಕಿಂತ ಬಿಗಿಯಾದರೆ ಬೇರಿಂಗ್ ತಿನ್ನುತ್ತದೆ.

ವೈರಿಂಗ್‌ಗೆ ಬರೋಣ. ಲೂಕಾಸ್ ಬಣ್ಣದ ಲೆಕ್ಕ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕಂದು ಅಂದರೆ ನೇರ ಬ್ಯಾಟರಿಯಿಂದ, ಬಿಳಿ ಅಂದರೆ ಕೀ ತಿರುಗಿಸಿದ ಮೇಲೆ, ಹಸಿರು ಅಂದರೆ ಫ್ಯೂಸ್ ದಾಟಿ ಬಂದದ್ದು, ಕಪ್ಪು ಅರ್ತ್. ನಮ್ಮ ಕಾರಿನಲ್ಲಿ ಐವತ್ತು ವರ್ಷದ ಎಣ್ಣೆ ಧೂಳು ಸೇರಿ ಎಲ್ಲವೂ ಒಂದೇ ಬಣ್ಣ ಆಗಿತ್ತು. ಬಟ್ಟೆಗೆ ಸೀಮೆಎಣ್ಣೆ ಅದ್ದಿ ಒಂದೊಂದೇ ವೈರು ಒರೆಸುತ್ತಾ ಹೋದೆ. ಕಂದು ಬಣ್ಣ ಮೆಲ್ಲಗೆ ಎದ್ದು ಬಂದಾಗ ಆದ ಖುಷಿ ಹೇಳಲಾರೆ. ಒರೆಸಿದ್ದಕ್ಕೆಲ್ಲ ಅಪ್ಪ ಕಾಗದದ ಟೇಪ್ ಸುತ್ತಿ ಅಕ್ಷರ ಬರೆದರು.

ಮೆಕ್ಯಾನಿಕ್‌ಗಳು ಕಟೌಟ್ ಅನ್ನುವ ಕಪ್ಪು ಡಬ್ಬಿಗೆ ಐದು ಟರ್ಮಿನಲ್. ಎ, ಎ1, ಎಫ್, ಡಿ, ಇ. ಇದರೊಳಗೆ ಡೈನಮೋ ರೆಗ್ಯುಲೇಟರ್ ಮತ್ತು ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುವ ಕಟೌಟ್ ಎರಡೂ ಇವೆ. ಆಲ್ಟರ್ನೇಟರ್‌ಗೆ ಇವೆರಡೂ ಬೇಡ. ರೆಗ್ಯುಲೇಟರ್ ಅದರ ಹೊಟ್ಟೆಯಲ್ಲೇ ಇದೆ, ಬ್ಯಾಟರಿಯಿಂದ ಕರೆಂಟು ಹಿಂದಕ್ಕೆ ಹರಿಯದಂತೆ ಡಯೋಡುಗಳೇ ತಡೆಯುತ್ತವೆ. ಹಾಗಂತ ಡಬ್ಬಿ ಕಿತ್ತು ಬಿಸಾಡಿದರೆ ಕಾರಿಗೆ ಕರೆಂಟೇ ಹೋಗುವುದಿಲ್ಲ. ಬ್ಯಾಟರಿಯಿಂದ ಎ ಗೆ ಬಂದದ್ದು ಡಬ್ಬಿಯ ಮೂಲಕವೇ ಎ1ಗೆ ಹೋಗಿ ಲೈಟಿಗೂ ಇಗ್ನಿಷನ್ನಿಗೂ ಹಂಚಿಕೆ ಆಗುತ್ತದೆ.

ನಾನು ಮಾಡಿದ್ದು ಹೀಗೆ. ಶಿವಾಜಿನಗರದ ಗುಜರಿಯಿಂದ ಒಂದು ಸತ್ತ ಕಟೌಟ್ ತಂದು ಒಳಗಿನ ಕಾಯಿಲ್ಲೆಲ್ಲ ತೆಗೆದು, ಎರಡು ಹಿತ್ತಾಳೆ ಬೋಲ್ಟ್ ಕೂರಿಸಿದೆ. ಒಂದರ ಮೇಲೆ ಎ ಮತ್ತು ಎ1 ವೈರುಗಳು ಒಟ್ಟಿಗೆ. ಇನ್ನೊಂದರ ಮೇಲೆ ಎಫ್ ವೈರು, ಅದರ ಜೊತೆ ಡಿ ಟರ್ಮಿನಲ್‌ನಿಂದ ಡ್ಯಾಷ್‌ಬೋರ್ಡಿನ ಚಾರ್ಜಿಂಗ್ ಬಲ್ಬಿಗೆ (ಚಾರ್ಜ್ ಆಗದಿದ್ದಾಗ ಉರಿಯುವ ಕೆಂಪು ದೀಪ) ಹೋಗುತ್ತಿದ್ದ ತೆಳು ವೈರು. ಎಫ್ ವೈರಿನ ಆ ಕಡೆಯ ತುದಿ ಆಲ್ಟರ್ನೇಟರ್‌ನ ಇಂಡ್ (ಇಂಡಿಕೇಟರ್) ಟರ್ಮಿನಲ್‌ಗೆ. ಮುಚ್ಚಳ ಹಾಕಿದರೆ ಬಾನೆಟ್ ಎತ್ತಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ.

ಡೈನಮೋದ ಡಿ ಇಂದ ಬರುತ್ತಿದ್ದ ದಪ್ಪ ವೈರನ್ನೇ ಆಲ್ಟರ್ನೇಟರ್ ಔಟ್‌ಪುಟ್‌ಗೆ ಬಳಸಿ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ವೈರು ಇದ್ದದ್ದು 22 ಆಂಪ್‌ಗೆ. ಅದರಲ್ಲಿ 36 ಹರಿಸಿದರೆ ಬಿಸಿಯಾಗುತ್ತದೆ. ಅದೂ ಐವತ್ತು ವರ್ಷದ ಒಣಗಿದ ಪ್ಲಾಸ್ಟಿಕ್, ಪೆಟ್ರೋಲ್ ಪಂಪಿನ ಪಕ್ಕ. ಅದರ ಎರಡೂ ತುದಿ ಟೇಪ್ ಸುತ್ತಿ ವೈರುಗಳ ಕಟ್ಟಿನಲ್ಲೇ ಬಿಟ್ಟೆ. ಆಲ್ಟರ್ನೇಟರ್‌ನಿಂದ ಸೆಲ್ಫ್ ಸೊಲೆನಾಯ್ಡ್‌ನ (ಸೆಲ್ಫ್‌ಗೆ ಕರೆಂಟು ಬಿಡುವ ಸ್ವಿಚ್) ಬ್ಯಾಟರಿ ಕಡೆಯ ಬೋಲ್ಟ್‌ವರೆಗೆ ಹೊಸ 6 ಸ್ಕ್ವೇರ್ ಎಂಎಂ ವೈರು ಎಳೆದು, ಸೊಲೆನಾಯ್ಡ್ ಹತ್ತಿರವೇ 50 ಆಂಪ್ ಫ್ಯೂಸ್ ಹಾಕಿದೆ. ಫ್ಯೂಸ್ ಬ್ಯಾಟರಿ ಕಡೆಯ ತುದಿಯಲ್ಲೇ ಇರಬೇಕು. ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿ ಹೊತ್ತಿಸುವುದು ಬ್ಯಾಟರಿ, ಆಲ್ಟರ್ನೇಟರ್ ಅಲ್ಲ. ವೈರಿನ ತುದಿಯ ಥಿಂಬಲ್‌ಗಳನ್ನು ಅಂಗಡಿಯಲ್ಲಿ ಒತ್ತಿ ಕ್ರಿಂಪ್ ಮಾಡಿಸಿದೆ, ಬೆಸುಗೆ ಹಾಕಲಿಲ್ಲ. ಬೆಸುಗೆ ಎಳೆಗಳ ಒಳಗೆ ಇಳಿದು ವೈರು ಕಡ್ಡಿಯಂತೆ ಸೆಟೆಯುತ್ತದೆ, ಇಂಜಿನ್ ನಡುಕಕ್ಕೆ ಸೆಟೆದ ಜಾಗದ ಅಂಚಿನಲ್ಲೇ ತುಂಡಾಗುತ್ತದೆ.

ಡ್ಯಾಷ್ ಕೆಳಗೆ ಹಿಂದೆ ಯಾರೋ ಕರೆಂಟು ಅಳೆಯುವ ಒಂದು ಆಮ್‌ಮೀಟರ್ ಹಾಕಿದ್ದರು. ಅದರ ಮುಳ್ಳು 30ರವರೆಗೆ ಮಾತ್ರ. ಪೂರ್ತಿ ಕರೆಂಟನ್ನು ಕಾಲಿನ ಹತ್ತಿರ ತಂದು ವಾಪಸ್ ಕಳಿಸುವ ಆ ಏರ್ಪಾಡು ನನಗೆ ಯಾವಾಗಲೂ ಭಯ. ಅದನ್ನು ತೆಗೆದು ಅದೇ ತೂತಿಗೆ ವೋಲ್ಟ್‌ಮೀಟರ್ ಹಾಕಿದೆ.

ಸಂಜೆ ಐದಕ್ಕೆ ಕೀ ತಿರುಗಿಸಿದೆ. ಚಾರ್ಜಿಂಗ್ ಲೈಟ್ ಕೆಂಪಗೆ ಹೊಳೆಯಿತು. ಸ್ಟಾರ್ಟ್ ಆಯಿತು. ಲೈಟ್ ಆರಲಿಲ್ಲ. ವೋಲ್ಟ್‌ಮೀಟರ್ 12.3ರಲ್ಲಿ ನಿಂತಿದೆ. ರೇಸ್ ಕೊಟ್ಟೆ, ಇನ್ನೂ ಕೊಟ್ಟೆ. ಇಂಜಿನ್ ಕಿರುಚುವಷ್ಟು ಕೊಟ್ಟಾಗ ಮುಳ್ಳು ಧಡಕ್ಕನೆ 14.3ಕ್ಕೆ ಹಾರಿತು. ಆಮೇಲೆ ಐಡಲ್‌ಗೆ ಬಿಟ್ಟರೂ ಚಾರ್ಜಿಂಗ್ ಇದೆ! ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಕಥೆ.

ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಸಾಹೇಬರನ್ನು ಕರೆದೆ. ನಲವತ್ತು ವರ್ಷದಿಂದ ಡೈನಮೋ ಕಟ್ಟಿದ ಕೈ. ಬಂದವರೇ "ಬ್ಯಾಟರಿ ವೈರ್ ತೆಗೆದು ನೋಡಣ, ಗಾಡಿ ಓಡ್ತಿದ್ರೆ ಚಾರ್ಜಿಂಗ್ ಐತೆ ಅಂತ" ಅಂದರು. "ಬೇಡ ಸಾಹೇಬ್ರೇ, ಇದು ಡೈನಮೋ ಅಲ್ಲ" ಅಂತ ಕೈ ಹಿಡಿದೆ. ಓಡುವಾಗ ಬ್ಯಾಟರಿ ಬಿಚ್ಚಿದರೆ ಆಲ್ಟರ್ನೇಟರ್‌ನ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ. ಡಯೋಡೂ ಹೋಗುತ್ತದೆ, ರೆಗ್ಯುಲೇಟರೂ ಹೋಗುತ್ತದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಪಕ್ಕದಲ್ಲೇ ಕೂತು, ಕೀ ಆನ್ ಮಾಡಿಸಿ, ಡ್ಯಾಷ್‌ಬೋರ್ಡನ್ನೇ ಸ್ವಲ್ಪ ಹೊತ್ತು ನೋಡಿದರು. "ಈ ಲೈಟ್ ಯಾಕಪ್ಪಾ ಇಷ್ಟು ಜೋರಾಗೈತೆ?" ಅಂದರು.

ಆ ಒಂದು ಮಾತಿಗೆ ಗಂಟು ಬಿಚ್ಚಿತು. ಎಲ್‌ಇಡಿ!

ಆಲ್ಟರ್ನೇಟರ್‌ನ ರೋಟರ್ ಕಾಯಂ ಅಯಸ್ಕಾಂತ ಅಲ್ಲ. ಕರೆಂಟು ಕೊಟ್ಟರೆ ಮಾತ್ರ ಅಯಸ್ಕಾಂತ ಆಗುತ್ತದೆ. ಆ ಕರೆಂಟನ್ನು ಅದು ಆಮೇಲೆ ತಾನೇ ಹುಟ್ಟಿಸಿಕೊಳ್ಳುತ್ತದೆ, ಆದರೆ ಶುರು ಮಾಡಲು ಹೊರಗಿನಿಂದ ಹೆಪ್ಪು ಬೇಕು. ಆ ಹೆಪ್ಪು ಬರುವುದು ಚಾರ್ಜಿಂಗ್ ಬಲ್ಬಿನ ಮೂಲಕ. ಕೀ ಆನ್ ಮಾಡಿದಾಗ ಕರೆಂಟು ಬಲ್ಬನ್ನು ದಾಟಿ ಇಂಡ್ ವೈರಿನಲ್ಲಿ ರೋಟರ್‌ಗೆ ಇಳಿದು ಬಾಡಿಗೆ ಸೇರುತ್ತದೆ. 2.2 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 0.18 ಆಂಪ್ ಬಿಡುತ್ತದೆ. ರೋಟರ್ ಎದ್ದೇಳಲು ಅಷ್ಟು ಸಾಕು. ಆಲ್ಟರ್ನೇಟರ್ ಹುಟ್ಟಿಸಲು ಶುರು ಮಾಡಿದ ಮೇಲೆ ಇಂಡ್ ಕಡೆಯೂ 14 ವೋಲ್ಟ್, ಕೀ ಕಡೆಯೂ 14 ವೋಲ್ಟ್. ಎರಡು ಕಡೆಯೂ ಒಂದೇ ಎತ್ತರ ಇದ್ದರೆ ನೀರು ಹರಿಯುತ್ತದಾ? ಬಲ್ಬು ಆರುತ್ತದೆ. ಎಲ್‌ಇಡಿ ಬಿಡುವ ಕರೆಂಟು ಇದರ ಹತ್ತನೇ ಒಂದು ಪಾಲು. ಅದು ಜೋರಾಗಿ ಹೊಳೆಯುತ್ತದೆ, ಆದರೆ ರೋಟರ್‌ಗೆ ಹೆಪ್ಪು ಸಾಲುವುದಿಲ್ಲ. ರೋಟರ್ ಕಬ್ಬಿಣದಲ್ಲಿ ಉಳಿದಿದ್ದ ಚೂರು ಅಯಸ್ಕಾಂತ ಗುಣದಿಂದ, ಕಿರುಚುವ ವೇಗದಲ್ಲಿ ಮಾತ್ರ ಅದು ಎದ್ದೇಳುತ್ತಿತ್ತು.

ಹಳೆಯ ಬಲ್ಬುಗಳನ್ನು ಅಪ್ಪ ಒಂದು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದರು. ಅದರಿಂದ ಒಂದು ತೆಗೆದು ಹಾಕಿದೆ. ಕೀ ತಿರುಗಿಸಿದರೆ ಹಳೆಯ ಮಂಕು ಕೆಂಪು. ಸೆಲ್ಫ್ ಹೊಡೆದ ಮರುಕ್ಷಣ ಆರಿತು. ಮುಳ್ಳು 14.2. ಆ ಬಲ್ಬು ಬರೀ ಸೂಚನೆಯ ದೀಪ ಅಲ್ಲ, ಸರ್ಕ್ಯೂಟಿನ ಒಂದು ಅಂಗ. ಅದು ಸುಟ್ಟರೆ ಮುಂದಿನ ಸಲ ಸ್ಟಾರ್ಟ್ ಮಾಡಿದಾಗ ಚಾರ್ಜಿಂಗ್ ಸರಿಯಾಗಿ ಶುರುವಾಗುವುದಿಲ್ಲ. ಒಂದು ಸ್ಪೇರ್ ಈಗ ಗ್ಲೋವ್ ಬಾಕ್ಸಿನಲ್ಲಿದೆ.

ಮೂರನೇ ಭಾನುವಾರ ಅಳತೆಗೆ. ಹೆಡ್‌ಲೈಟ್, ವೈಪರ್ ಹಾಕಿ ಸ್ವಲ್ಪ ರೇಸ್ ಕೊಟ್ಟು ನೋಡಿದರೆ ಆಲ್ಟರ್ನೇಟರ್ ಬೋಲ್ಟಿಗೂ ಅದರ ಬಾಡಿಗೂ ನಡುವೆ 14.3, ಬ್ಯಾಟರಿ ಕಂಬಗಳ ನಡುವೆ 13.5. ಮುಕ್ಕಾಲು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಮಾಯ. ಎಲ್ಲಿ ಅಂತ ಹುಡುಕಲು ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಪ್ಲಸ್‌ಗೆ, ಇನ್ನೊಂದು ಬ್ಯಾಟರಿ ಪ್ಲಸ್‌ಗೆ ಇಟ್ಟೆ: 0.15. ಹೊಸ ವೈರು ಸರಿ ಇದೆ. ಆಮೇಲೆ ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ಮೈನಸ್‌ಗೂ: 0.65. ಕಳ್ಳ ಸಿಕ್ಕಿದ. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಬಾಡಿಗೆ ಅದರ ಸಂಬಂಧ ಒಂದು ಹೆಣೆದ ತಾಮ್ರದ ಪಟ್ಟಿ ಮಾತ್ರ. ಬಿಚ್ಚಿ ನೋಡಿದರೆ ಹಸಿರು ಕಿಲುಬು ಹಿಡಿದು ಅರ್ಧ ಎಳೆಗಳು ಉದುರಿವೆ, ಬೋಲ್ಟ್ ಕೆಳಗೆ ಯಾವಾಗಲೋ ಹೊಡೆದ ಪೇಂಟು. ಹೊಸ ಪಟ್ಟಿ ಹಾಕಿ, ಕಬ್ಬಿಣ ಬೆಳ್ಳಗಾಗುವವರೆಗೆ ಮರಳು ಕಾಗದ ಉಜ್ಜಿ ಬಿಗಿದ ಮೇಲೆ 0.05. ಬ್ಯಾಟರಿಯಲ್ಲಿ 14.1. ಸೆಲ್ಫ್ ಕೂಡ ಮೊದಲಿಗಿಂತ ಚುರುಕಾಗಿ ಹೊಡೆಯುತ್ತದೆ, ಅದರ ಕರೆಂಟೂ ಇದೇ ಪಟ್ಟಿಯಲ್ಲಿ ವಾಪಸ್ ಬರುವುದಲ್ವಾ.

ಕೊನೆಗೆ ಚಾರ್ಮಾಡಿಯ ಪರೀಕ್ಷೆ, ಮನೆ ಅಂಗಳದಲ್ಲೇ. ಎಲ್ಲ ಆನ್, ಇಂಜಿನ್ ಐಡಲ್. ವೈರಿನ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಆಲ್ಟರ್ನೇಟರ್ ವೈರಿನಲ್ಲಿ 14 ಆಂಪ್ ತೋರಿಸಿತು. ಬೇಕಿರುವುದು 19. ಐಡಲ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿದೆ, 20ಕ್ಕೆ ಬಂತು. ಬ್ಯಾಟರಿಯಲ್ಲಿ 13.3. ಅಪ್ಪ ಒಂದೂವರೆ ಗಂಟೆ ಡ್ರೈವರ್ ಸೀಟಿನಲ್ಲೇ ಕೂತಿದ್ದರು, ಪೇಪರ್ ಓದುತ್ತಾ. ನಡುನಡುವೆ ತಲೆ ಎತ್ತಿ ಮುಳ್ಳು ನೋಡಿ "ಹದಿಮೂರು ಪಾಯಿಂಟ್ ಮೂರು" ಅಂತ ಕೂಗುವರು. ಆಮೇಲೆ ಆಫ್ ಮಾಡಿ ಸೆಲ್ಫ್ ಹೊಡೆದರು. ಅರ್ಧ ಸುತ್ತಿಗೇ ಸ್ಟಾರ್ಟ್.

ಡೈನಮೋಗೆ ಹೊಸ ಬ್ರಷ್ ಹಾಕಿ, ಎಣ್ಣೆ ಬಟ್ಟೆ ಸುತ್ತಿ, ಅದರ ಕಟೌಟ್ ಜೊತೆ ಅಟ್ಟದ ಮೇಲೆ ಇಟ್ಟಿದ್ದೇನೆ. ಡಿ ಮತ್ತು ಎಫ್ ಮೇಲೆ ಅಪ್ಪನ ಕೈಬರಹದ ಚೀಟಿ ಇದೆ. ಹಳೆಯ ಪುಲ್ಲಿ, ಬೋಲ್ಟು ಎಲ್ಲ ಅದರ ಪಕ್ಕದ ಡಬ್ಬಿಯಲ್ಲಿ.